ಪದ ಪರಿಚಯ: ಪ್ರಯೋಗ

ಸಂಸ್ಕೃತದ ‘ಯುಜ್’ ಧಾತುವಿಗೆ ಕೂಡಿಸು, ನೊಗಕ್ಕೆ ಹೂಡು ಎಂಬ ಅರ್ಥಗಳಿವೆ. ‘ಪ್ರ’ ಸೇರಿದಾಗ ಅದು ಕೆಲಸಕ್ಕೆ ಹಚ್ಚುವುದಾಗುತ್ತದೆ. ಪದಪ್ರಯೋಗ, ಬಲಪ್ರಯೋಗಗಳಲ್ಲಿ ಉಳಿದಿರುವುದು ಈ ಅರ್ಥವೇ. ಯಂತ್ರಕಲಿಕೆಯ ಮಾದರಿಯನ್ನು ಜನಬಳಕೆಗೆ ಬಿಟ್ಟು ನಡೆಸುವ ವಿದ್ಯೆಗೆ ಕನ್ನಡದಲ್ಲಿ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಕಲಿತದ್ದನ್ನು ಬಳಕೆಗೆ ಹಚ್ಚುವುದು ನಮ್ಮಲ್ಲಿ ಹೊಸದೂ ಅಲ್ಲ: ಬಳ್ಳಿಗಾವಿಯ ಕೋಡಿಮಠದ 1162ರ ಶಾಸನ ವ್ಯಾಕರಣ, ದರ್ಶನಗಳ ಪಾಠದ ಜೊತೆಗೇ ರೋಗಿಗಳ ಚಿಕಿತ್ಸೆಯನ್ನೂ ಅನ್ನದಾನವನ್ನೂ ಹೇಳುತ್ತದೆ. ಓದು ಮತ್ತು ಬಳಕೆ ಅಲ್ಲಿ ಒಂದೇ ಅಂಗಳದಲ್ಲಿದ್ದವು.

ಪ್ರಯೋಗವೆಂದರೆ ಪ್ರಯೋಗಾಲಯದ ಪರೀಕ್ಷೆಯಲ್ಲವೇ, ಗೊಂದಲವಾಗದೇ ಎಂಬ ಆಕ್ಷೇಪ ಸಹಜ. ಆದರೆ ಬಳಕೆಗೆ ಇಳಿದ ಮಾದರಿಯ ಪರೀಕ್ಷೆ ಮುಗಿಯುವುದೇ ಇಲ್ಲ. ಎರಡೂ ಅರ್ಥ ಒಂದೇ ಪದದಲ್ಲಿರುವುದು ಇಲ್ಲಿ ಅನುಕೂಲವೇ. ಸೊರಬ, ಶಿಕಾರಿಪುರದ ತೋಟಗಳಲ್ಲಿ ಬೇಸಿಗೆಯ ಬಿಸಿಲಲ್ಲಿ ತೆಗೆದ ಅಡಿಕೆ ಗೊನೆಯ ಚಿತ್ರಗಳಿಂದಷ್ಟೇ ರೋಗ ಗುರುತಿಸಲು ಕಲಿತ ಮಾದರಿಯೊಂದನ್ನು ಊಹಿಸಿ. ಕೊಳೆರೋಗ ಕಾಣಿಸುವುದು ಮಳೆಗಾಲದಲ್ಲಿ. ಆಗ ಫೋನಿನ ಲೆನ್ಸಿಗೆ ಹನಿ ಮೆತ್ತಿರುತ್ತದೆ, ಬೆಳಕು ಮಂಕಾಗಿರುತ್ತದೆ, ಮಾದರಿ ತಪ್ಪು ಹೇಳುತ್ತದೆ. ಕೋಡ್ ಕೆಟ್ಟಿಲ್ಲ, ಋತು ಬದಲಾಗಿದೆ. ಹಾಗಾಗಿ ಬಂದ ಚಿತ್ರಗಳ ದಾಖಲೆ ಇಡಬೇಕು, ಉತ್ತರವನ್ನು ಬೆಳೆಗಾರರ ತೀರ್ಪಿನೊಂದಿಗೆ ತಾಳೆ ನೋಡಬೇಕು, ಹೊಸ ಆವೃತ್ತಿ ಎಡವಿದರೆ ಹಿಂದಿನದಕ್ಕೆ ಮರಳುವ ದಾರಿ ತೆರೆದಿರಬೇಕು.