ಸಸ್ಯಾಹಾರಿಯ ಕೊಲೆಸ್ಟರಾಲ್: ಒಂದು ಅಂಕಿಯ ಇತಿಹಾಸ

ಮಾಂಸವನ್ನು ಮುಟ್ಟದವನಿಗೆ ಕೊಲೆಸ್ಟರಾಲಿನ ಚಿಂತೆಯೇಕೆ ಎಂಬ ಮಾತು ನಮ್ಮ ಸಮಾಜದಲ್ಲಿ ಪದೇ ಪದೇ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಧಾನ್ಯ, ಕಾಳು, ಕಾಯಿಪಲ್ಲೆ, ಎಣ್ಣೆಬೀಜಗಳಲ್ಲಿ ಈ ದ್ರವ್ಯ ಇಲ್ಲವೆಂದೇ ಹೇಳಬೇಕು. ಅದು ಪ್ರಾಣಿಜನ್ಯ, ಆದುದರಿಂದ ಹಾಲು, ಬೆಣ್ಣೆ, ತುಪ್ಪಗಳಲ್ಲಿ ಉಂಟು. ಆದರೆ ತಟ್ಟೆಯ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ. ನಮ್ಮ ಯಕೃತ್ತೇ ಇದನ್ನು ತಯಾರಿಸುತ್ತದೆ. ರಕ್ತದಲ್ಲಿ ಹೆಚ್ಚಾದುದನ್ನು ಹಿಂದಕ್ಕೆ ಸೆಳೆದುಕೊಳ್ಳುವುದೂ ಅದೇ. ತಣ್ಣಗಾದೊಡನೆ ಹೆಪ್ಪುಗಟ್ಟುವ ಜಾತಿಯ ಸಂತೃಪ್ತ ಕೊಬ್ಬು ಅಧಿಕವಾದರೆ ಆ ಸೆಳೆತ ಕುಗ್ಗುತ್ತದೆ. ಈ ಸೆಳೆತದ ರಹಸ್ಯವನ್ನು ಬಿಡಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇದಕ್ಕೆ ಬಹು ಮೊದಲೇ, 1913ರಲ್ಲಿ, ರಷ್ಯದ ಅನಿಚ್ಕೋವ್ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿದಾಗ ಅವುಗಳ ಧಮನಿಗಳಲ್ಲಿ ಜಿಡ್ಡು ಕಟ್ಟಿತು. ಬರಿಯ ಎಣ್ಣೆ ತಿಂದವುಗಳಿಗೆ ಹಾಗಾಗಲಿಲ್ಲ. (ಆ ಮೂಕಜೀವಿಗಳ ವೇದನೆಯನ್ನು ಬದಿಗಿಟ್ಟು ಈ ಜ್ಞಾನವನ್ನು ಹೊಗಳುವುದು ನನ್ನಿಂದಾಗದು.)

ಕಪ್ಪತಗುಡ್ಡದ ಸೆರಗಿನ ಡೋಣಿ, ಡಂಬಳ, ಮುಂಡರಗಿ ಸೀಮೆಯ ಹಳೆಯ ಊಟವನ್ನು ಈ ಬೆಳಕಿನಲ್ಲಿ ನೋಡಬೇಕು. ಜೋಳದ ರೊಟ್ಟಿ, ಕಾಳಿನ ಪಲ್ಯ, ಅಗಸಿ ಗುರೆಳ್ಳುಗಳ ಹಿಂಡಿ, ಗಾಣದ ಕುಸುಬಿ ಎಣ್ಣೆ. ಕುಸುಬಿಯಲ್ಲಿ ಸಂತೃಪ್ತ ಕೊಬ್ಬು ನೂರಕ್ಕೆ ಹತ್ತರೊಳಗೆ. ಬಹುಪಾಲು ಮನೆಗಳಲ್ಲಿ ತುಪ್ಪ ಹಬ್ಬದ ಪದಾರ್ಥ. ಗಾಣದ ವೃತ್ತಿ ಈ ನಾಡಿನಲ್ಲಿ ಎಷ್ಟು ಹಳೆಯದೆಂದರೆ, ನಂದಾದೀಪಕ್ಕೆ ಎಣ್ಣೆ ಬಿಟ್ಟ ತೆಲ್ಲಿಗರ ಹೆಸರು ಚಾಲುಕ್ಯರ ಕಾಲದ ಶಾಸನಗಳಲ್ಲಿಯೇ ಬರುತ್ತದೆ.

ಈ ಅಡುಗೆಮನೆಗೆ ವನಸ್ಪತಿ ಪ್ರವೇಶಿಸಿತು. ಭಾರತದಲ್ಲಿ 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂದಿತು. ಕ್ರಮೇಣ ಆ ಹೆಸರೇ ವಸ್ತುವಿನ ಹೆಸರಾಯಿತು. ಸಸ್ಯದೆಣ್ಣೆಗೆ ಜಲಜನಕ ಹಾಯಿಸಿ ಗಟ್ಟಿಮಾಡಿದ ಪದಾರ್ಥವಿದು. ಇದನ್ನು ತುಪ್ಪಕ್ಕೆ ಬೆರೆಸಿ ಮಾರುವವರನ್ನು ಹಿಡಿಯಲು ಸರಕಾರವು ಜಾಣ ಉಪಾಯ ಹೂಡಿತು: ವನಸ್ಪತಿಯಲ್ಲಿ ನೂರಕ್ಕೆ 5ರಷ್ಟು ಎಳ್ಳೆಣ್ಣೆ ಇರಲೇಬೇಕು. ಅಂಥ ತುಪ್ಪವನ್ನು ಆಮ್ಲದೊಡನೆ ಪರೀಕ್ಷಿಸಿದರೆ ಕೆಂಪುಬಣ್ಣ ತಿರುಗಿ ಕಳ್ಳತನ ಬಯಲಾಗುತ್ತಿತ್ತು. ವ್ಯಾಪಾರಿಯಾದ ನನಗೆ ಈ ನಿಯಮದ ಮೇಲೆ ವಿಶೇಷ ಗೌರವವಿದೆ. ಆದರೆ ಅದು ಕಾಪಾಡಿದ್ದು ತುಪ್ಪದ ಶುದ್ಧಿಯನ್ನು, ತಿನ್ನುವವನ ಧಮನಿಯನ್ನಲ್ಲ.

1983ರಲ್ಲಿ ವನಸ್ಪತಿಯಲ್ಲಿ ದನದ ಕೊಬ್ಬು ಬೆರೆತಿದೆಯೆಂಬ ವಾರ್ತೆ ದೇಶವನ್ನೇ ಕದಡಿತು. ಸಸ್ಯಾಹಾರಿಗಳ ಆಕ್ರೋಶ ನ್ಯಾಯವಾದುದೇ. ಬೆರಕೆಯಿಲ್ಲದ ವನಸ್ಪತಿಯು ನಮಗೇನು ಮಾಡುತ್ತಿದೆ ಎಂಬ ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಏಳಲಿಲ್ಲ. ಉತ್ತರ ಬಂದುದು 1990ರಲ್ಲಿ, ನೆದರ್ಲೆಂಡ್ಸಿನಿಂದ: ಎಣ್ಣೆಯನ್ನು ಗಟ್ಟಿಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಡುಕಿನ ಎಲ್‌ಡಿಎಲ್ ಅನ್ನು ಏರಿಸುತ್ತದೆ, ಹಿತದ ಎಚ್‌ಡಿಎಲ್ ಅನ್ನು ಇಳಿಸುತ್ತದೆ ಎಂದು ಮೆನ್ಸಿಂಕ್ ಮತ್ತು ಕಟಾನ್ ತೋರಿಸಿದರು. ಕೊಲೆಸ್ಟರಾಲಿನ ಕಣವೂ ಇಲ್ಲದ, ಪೂರ್ಣ ಸಸ್ಯಜನ್ಯವಾದ ವಸ್ತುವಿನಿಂದಲೇ ರಕ್ತದ ಕೊಲೆಸ್ಟರಾಲ್ ಕೆಟ್ಟಿತು! ನಮ್ಮಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿ ನೂರಕ್ಕೆ 2ಕ್ಕೆ ಇಳಿದದ್ದು 2022ರ ಜನವರಿಯಲ್ಲಿ.

ಇನ್ನು ಆರೋಗ್ಯಕರ ಅಂಕಿ ಯಾವುದು? 1988ರಲ್ಲಿ ಅಮೆರಿಕದ ತಜ್ಞಮಂಡಲಿಯು ಒಂದು ಡೆಸಿಲೀಟರ್ ರಕ್ತದಲ್ಲಿ ಒಟ್ಟು ಕೊಲೆಸ್ಟರಾಲ್ 200 ಮಿಲಿಗ್ರಾಂ ಒಳಗೆ, ಎಲ್‌ಡಿಎಲ್ 130ರೊಳಗೆ ಇರಲಿ ಎಂದಿತು. 2001ರಲ್ಲಿ ಎಲ್‌ಡಿಎಲ್ 100ರೊಳಗಿದ್ದರೇ ಉತ್ತಮ ಎಂದಾಯಿತು. ಹೃದ್ರೋಗವಾಗಲಿ ಮಧುಮೇಹವಾಗಲಿ ಇದ್ದವರಿಗೆ ವೈದ್ಯರು ಇಂದು ಇನ್ನೂ ಕೆಳಗಿನ ಗುರಿಯಿಡುತ್ತಾರೆ. ಈ ಕೋಷ್ಟಕಗಳಲ್ಲಿ ಸಸ್ಯಾಹಾರಿಗೆಂದು ಪ್ರತ್ಯೇಕ ಸಾಲಿಲ್ಲ; ಧಮನಿಗೆ ಅಡುಗೆಮನೆಯ ಪರಿಚಯವಿಲ್ಲ. ಸಸ್ಯಾಹಾರದ ಲಾಭವೂ ನಿಜವೇ: 1982ರಿಂದ 2022ರವರೆಗಿನ 30 ಪ್ರಯೋಗಗಳನ್ನು ಕೂಡಿಸಿ ಡೆನ್ಮಾರ್ಕಿನ ವಿದ್ವಾಂಸರು 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಎಲ್‌ಡಿಎಲ್ ಸರಾಸರಿ 12 ಮಿಲಿಗ್ರಾಂನಷ್ಟು ತಗ್ಗುತ್ತದೆ. 150 ಇದ್ದವನದು 138 ಆದೀತು. ಉಳಿದ 38ಕ್ಕೆ ಯಾರು ಹೊಣೆ?

ಅಂಗಡಿಯ ಎಣ್ಣೆಯ ಪೊಟ್ಟಣಗಳ ಮೇಲೆ ‘ಕೊಲೆಸ್ಟರಾಲ್ ರಹಿತ’ ಎಂಬ ಬರಹವನ್ನು ವಾಚಕರು ಕಂಡಿರಬಹುದು. ಸಸ್ಯದ ಯಾವ ಎಣ್ಣೆಗೂ ಅದು ಸಲ್ಲುತ್ತದೆ, ಸಂತೃಪ್ತ ಕೊಬ್ಬೇ ಸುಮಾರು ಅರ್ಧದಷ್ಟಿರುವ ತಾಳೆಯೆಣ್ಣೆಗೂ ಸಲ್ಲುತ್ತದೆ. ಬರಹ ಸುಳ್ಳಲ್ಲ. ಸತ್ಯಾಣುವ್ರತವನ್ನು ಹಿಡಿದ ವರ್ತಕನು ಗಿರಾಕಿಗೆ ಅದನ್ನು ತೋರಿಸಿ ಮಾರಬಹುದೇ ಎಂಬುದು ನನ್ನ ಸಹವರ್ತಕರೊಡನೆ ಇನ್ನೂ ಇತ್ಯರ್ಥವಾಗದ ಚರ್ಚೆ.