ಬೆಳಿ ಕಂಡದೆಲ್ಲ ಕಲಾಯಿ ಅಲ್ಲ

ಆನು ಸಣ್ಣಾದಿಪ್ಪಗ ಮನೆಲಿ ಒಂದು ಜೆಂಬರ. ಬಂದೋರಿಂಗೆ ಕೊಡ್ಲೆ ಹೇಳಿ ಚಿಕ್ಕಮ್ಮ ಹೊಸಾ ತಗಡು ಬಾಲ್ದಿಲಿ ನಿಂಬೆಹುಳಿ ಶರ್ಬತ್ತು ಮಾಡ್ಲೆ ಹೆರಟತ್ತು. ಅಜ್ಜಿ ಓಡಿ ಬಂದು ಬಾಲ್ದಿಯ ಎಳದತ್ತು.

"ಅದು ನೀರಿಂಗೆ ಇಪ್ಪದು ಕೂಸೇ, ಹುಳಿ ಹಾಕ್ಲಾಗ!"

"ಕಲಾಯಿ ಹಾಕಿದ ಉರುಳಿಲಿ ಕೊದಿಲು ಮಾಡ್ತಿಲ್ಲೆಯಾ ಅತ್ತೆ? ಇದುದೇ ಬೆಳಿಯೇ ಅಲ್ಲದಾ?"

"ಬೆಳಿ ಕಂಡದೆಲ್ಲ ಕಲಾಯಿ ಅಲ್ಲ" ಹೇಳಿತ್ತು ಅಜ್ಜಿ. ಎಂತಕೆ ಹೇಳಿ ಎನಗೆ ಗೊಂತಪ್ಪಲೆ ಕಳುದ ಮಳೆಗಾಲ ಬರೆಕಾತು.

ಕಲಾಯಿ ಹೇಳಿರೆ ತವರ. ಇದು ಇಂದು ನಿನ್ನೆದಲ್ಲ. ಈಗಾಣ ಫ್ರಾನ್ಸಿನ ಹೊಡೆಯೋರು ತಾಮ್ರದ ಸಾಮಾನಿಂಗೆ ತವರ ಹತ್ತುಸಿರೆ ಬೆಳ್ಳಿಯ ಹಾಂಗೇ ಕಾಣ್ತು ಹೇಳಿ ಸುಮಾರು 2000 ವರ್ಷ ಹಿಂದೆಯೇ ರೋಮಿನ ಪ್ಲಿನಿ ಬರದ್ದ°. ನಮ್ಮಲ್ಲಿಗೆ ಬಪ್ಪ ಕಲಾಯಿಯವು ಜಾಲಿನ ಕರೆಲಿ ಗುಂಡಿ ತೆಗದು, ತಿದಿ ಒತ್ತಿ, ಇದ್ದಲಿನ ಕಿಚ್ಚು ಮಾಡುಗು. ಪಾತ್ರ ಬೆಶಿ ಆದ ಮೇಲೆ ನವಸಾಗರದ ಹೊಡಿ ಉದುರುಸಿ, ತವರ ಮುಟ್ಟುಸಿ, ಹತ್ತಿಲಿ ಬೇಗ ಬೇಗ ಉದ್ದುಗು. ನವಸಾಗರ ಪಾತ್ರದ ಕಿಲುಬಿನ ತೆಗೆತ್ತು. ಅದಿಲ್ಲದ್ರೆ ತವರ ಹಿಡಿತ್ತಿಲ್ಲೆ. ತವರ 232 ಡಿಗ್ರಿಲಿಯೇ ಕರಗುತ್ತ ಕಾರಣ ಇದ್ದಲಿನ ಕಿಚ್ಚೇ ಸಾಕು. ಶುದ್ಧ ತವರ ಆಯೆಕು, ಸೀಸ ಬೆರಕೆ ಆದರೆ ಅದು ವಿಷ.

ಬಾಲ್ದಿಯ ಬೆಳಿ ಸತುವಿಂದು. ಕಬ್ಬಿಣವ ಕರಗಿದ ಸತುವಿಲಿ ಮುಂಗುಸುತ್ತ ಕ್ರಮವ 1742ರಲ್ಲಿ ಮಾಲುವಾ ಹೇಳ್ತ ಫ್ರೆಂಚ್ ವಿದ್ವಾಂಸ° ವಿವರುಸಿದ°. 1837ರಲ್ಲಿ ಪ್ಯಾರಿಸಿನ ಸೊರೆಲ್ ಅದಕ್ಕೆ ಪೇಟೆಂಟ್ ತೆಕ್ಕೊಂಡ°. ಸತು ತಾನು ಮದಲು ಸವದು, ಕಬ್ಬಿಣವ ತುಕ್ಕಿಂದ ಒಳುಶುತ್ತು. ಅದರ ಆ ಗುಣವೇ ಅಡಿಗೆಗೆ ಆಗ. ಹುಳಿ ತಾಗಿರೆ ಕರಗಿ ಶರ್ಬತ್ತಿಂಗೆ ಇಳಿತ್ತು, ಕುಡುದೋರಿಂಗೆ ವಾಂತಿ, ಹೊಟ್ಟೆಬೇನೆ.

ಇನ್ನು ಕಳುದ ಮಳೆಗಾಲದ ಕತೆ. ಹಟ್ಟಿಯ ಮಾಡಿಂಗೆ ಜಿ.ಐ. ಪೈಪು ಬೆಸೆಯೆಕಾತು. ಇದುದೇ ಸತುವಿನ ಲೇಪದ್ದೇ. ಗೇಸು ವೆಲ್ಡಿಂಗಿನ ಜವ್ವನಿಗ° ಎರಡು ಸಿಲಿಂಡರು ತಂದ°. ಆನು ಹಪ್ಪಳ ಹೊರಿತ್ತಾ ಇದ್ದೋಳು, ಸಕಾಯ ಮಾಡುವ° ಹೇಳಿ ಕಪ್ಪು ಸಿಲಿಂಡರಿಂಗೆ ಕೈ ಹಾಕಿದೆ. "ಎಣ್ಣೆ ಕೈಲಿ ಮುಟ್ಟೆಡಿ ಅಕ್ಕಾ!" ಹೇಳಿ ಅಜ್ಜಿಯ ಹಾಂಗೇ ಬೊಬ್ಬೆ ಹಾಕಿದ°. ಕಪ್ಪಿಲಿ ಇಪ್ಪದು ಆಮ್ಲಜನಕ. ಒತ್ತಡಲ್ಲಿಪ್ಪ ಅದಕ್ಕೆ ಎಣ್ಣೆ ಜಿಡ್ಡು ತಾಗಿರೆ ಕಿಡಿ ಇಲ್ಲದ್ರೂ ಹೊತ್ತುಗು.

ಕೆಂಪುಕಂದು ಬಣ್ಣದ್ದು ಅಸಿಟಿಲೀನ್. 1836ರಲ್ಲಿ ಎಡ್ಮಂಡ್ ಡೇವಿ ಕಂಡುಹಿಡುದ ಗೇಸು. ಅದರ ಬರೇ ಒತ್ತಿ ತುಂಬುಸಿರೆ ತನ್ನಷ್ಟಕ್ಕೇ ಹೊಟ್ಟುಗು. ಹಾಂಗಾಗಿ ಸಿಲಿಂಡರಿನ ಒಳ ಸ್ಪಂಜಿನ ಹಾಂಗಿಪ್ಪ ವಸ್ತು ತುಂಬುಸಿ, ಅಸಿಟೋನ್ ಎರದು, ಅದರಲ್ಲಿ ಗೇಸಿನ ಕರಗುಸುತ್ತವು. ಅಡ್ಡ ಮಡುಗಿರೆ ಅಸಿಟೋನ್ ಹೆರ ಬಕ್ಕು. ನಿಲ್ಲುಸಿ ಕಟ್ಟಿಯೇ ಮಡುಗೆಕು.

ಇಷ್ಟೆಲ್ಲ ಗೊಂತಿದ್ದ ಜವ್ವನಿಗ° ಒಂದು ತಪ್ಪಿದ°. ಮಳೆ ಹೇಳಿ ಹಟ್ಟಿಯ ಬಾಗಿಲು ಹಾಕಿಗೊಂಡು ಬೆಸದ°. ಕಬ್ಬಿಣ ಕರಗಲೆ ಸುಮಾರು 1500 ಡಿಗ್ರಿ ಬೇಕು, ಸತು 907ರಲ್ಲಿಯೇ ಕೊದುದು ಹೊಗೆ ಆವುತ್ತು. ಹಟ್ಟಿಲಿಡೀ ಬೆಳಿ ಹೊಗೆ. ಹೊತ್ತೋಪಗ ಅವಂಗೆ ಚಳಿಜ್ವರ, ಗಡಗಡ ನಡುಗ. ಆನು ಮಲೇರಿಯ ಹೇಳಿ ಗ್ರೇಶಿ, ಬೆಶಿ ಹಾಲು ಕೊಟ್ಟೆ. "ಜಿ.ಐ. ಪೈಪು ಬೆಸದ್ದಾ?" ಹೇಳಿ ಡಾಕ್ಟ್ರು ಸುರೂವಿಂಗೇ ಕೇಳಿದವು. ಹಾಲು ಕುಡುದರೆ ಈ ಹೊಗೆ ತಾಗುತ್ತಿಲ್ಲೆ ಹೇಳ್ತದು ಬರೇ ನಂಬಿಕೆ ಅಡ. ಮರದಿನ ಜ್ವರ ಬಿಟ್ಟತ್ತು. ಉಬ್ಬಸ ಬಂದಿದ್ದರೆ ಆಸ್ಪತ್ರೆಲಿ ಮನುಗುಸೆಕಾವುತಿತು.

ಎರಡು ದಿನ ಕಳುದು ಅವ° ಪುನಾ ಬಂದ°. ಬೆಸೆತ್ತ ಜಾಗೆಯ ಸತುವಿನ ಮದಲು ಉಜ್ಜಿ ತೆಗದ°. ಹಟ್ಟಿಯ ಎರಡೂ ಬಾಗಿಲಿನ ಆನೇ ತೆಗದು ಮಡುಗಿದೆ. ಮಳೆ ಇರಚಲು ಒಳ ಬಂತು, ಬರಲಿ.

ಅಜ್ಜಿಗೆ ಸತು, ತವರ ಹೇಳಿ ಗೊಂತಿತ್ತಿಲ್ಲೆ. ಎರಡು ಬೆಳಿಯೂ ಬೇರೆ ಹೇಳಿ ಗೊಂತಿತ್ತು.