ಅಕ್ಷರದಿಂದ ದನಿಯವರೆಗೆ: ಭಾರತದ ಶೈಕ್ಷಣಿಕ ಗಣಕಜಾಲಗಳ ಚಾರಿತ್ರಿಕ ಅವಲೋಕನ

ಜ್ಞಾನಪ್ರಸರಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹಸ್ತಪ್ರತಿ, ಮುದ್ರಣ ಹಾಗೂ ಗ್ರಂಥಾಲಯಗಳನ್ನು ಆಧರಿಸುತ್ತಾರೆ. ಕಳೆದ ನಾಲ್ಕು ದಶಕಗಳಲ್ಲಿ ವಿಶ್ವವಿದ್ಯಾಲಯಗಳ ನಡುವೆ ರೂಪುಗೊಂಡ ಗಣಕಜಾಲಗಳು ತಂತ್ರಜ್ಞರಿಗೆ ಸೇರಿದ ವಿಷಯವೆಂದು ಮಾನವಿಕ ವಿದ್ವಾಂಸರ ಗಮನದಿಂದ ಬಹುಮಟ್ಟಿಗೆ ಹೊರಗುಳಿದಿವೆ. ಆದರೆ ಯಾವ ಬಗೆಯ ಜ್ಞಾನ ಊರಿಂದೂರಿಗೆ ಸಾಗಬಲ್ಲದು, ಯಾವುದು ಇದ್ದಲ್ಲಿಯೇ ಉಳಿದುಬಿಡುತ್ತದೆ ಎಂಬುದನ್ನು ನಿರ್ಣಯಿಸುವಲ್ಲಿ ಜಾಲದ ವೇಗಕ್ಕೆ ನೇರವಾದ ಪಾತ್ರವಿದೆ. ಈ ದೃಷ್ಟಿಯಿಂದ ಭಾರತದ ಶೈಕ್ಷಣಿಕ ಜಾಲಗಳ ಬೆಳವಣಿಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂತಹ ಜಾಲಗಳ ಕಲ್ಪನೆ ಮೊದಲಿಗೆ ಪಶ್ಚಿಮದಲ್ಲಿ ಸಾಕಾರಗೊಂಡಿತು. ಬ್ರಿಟನ್ನಿನ ವಿಶ್ವವಿದ್ಯಾಲಯಗಳನ್ನು ಬೆಸೆದ ಜಾನೆಟ್ 1984ರಲ್ಲಿ ಕಾರ್ಯಾರಂಭ ಮಾಡಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಸೂಪರ್ ಕಂಪ್ಯೂಟರ್ ಕೇಂದ್ರಗಳನ್ನು ಜೋಡಿಸಲು 1986ರಲ್ಲಿ ಸ್ಥಾಪಿಸಿದ ಎನ್‌ಎಸ್‌ಎಫ್‌ನೆಟ್‌ನ ಆರಂಭಿಕ ವೇಗ ಸೆಕೆಂಡಿಗೆ 56 ಕಿಲೋಬಿಟ್ ಮಾತ್ರ. 1988ರಲ್ಲಿ ಅದು 1.5 ಮೆಗಾಬಿಟ್‌ಗೂ 1991ರ ಹೊತ್ತಿಗೆ 45 ಮೆಗಾಬಿಟ್‌ಗೂ ಏರಿತು. ನಡುವೆ ರಾಷ್ಟ್ರೀಯ ಬೆನ್ನೆಲುಬು, ಅದಕ್ಕೆ ಕೂಡಿಕೊಂಡ ಪ್ರಾದೇಶಿಕ ಜಾಲಗಳು, ಅವುಗಳಿಗೆ ಹೊಂದಿಕೊಂಡ ಕ್ಯಾಂಪಸ್ಸುಗಳು ಎಂಬ ಮೂರು ಹಂತಗಳ ರಚನೆ ಇಲ್ಲಿಯೇ ಸ್ಪಷ್ಟ ರೂಪ ಪಡೆಯಿತು. ಈ ಜಾಲ 1995ರ ಏಪ್ರಿಲ್‌ನಲ್ಲಿ ಕೊನೆಗೊಂಡರೂ ಅದರ ರಚನೆ ಇತರೆಡೆಗಳಲ್ಲಿ ಮುಂದುವರಿಯಿತು.

ಭಾರತದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ 1986ರಲ್ಲಿ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು, ಅಂದರೆ ಎರ್ನೆಟ್ ಅನ್ನು, ಆರಂಭಿಸಿತು. ಇದರಲ್ಲಿ ಭಾಗಿಗಳಾದವರು ಎಂಟು ಮಂದಿ: ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು ಹಾಗೂ ದೆಹಲಿಯಲ್ಲಿದ್ದ ಇಲಾಖೆ. ಮುಂಬಯಿಯ ಕೇಂದ್ರವನ್ನು ಮುನ್ನಡೆಸಿದ ಎಸ್. ರಮಣಿಯವರ ಹೆಸರು ಈ ಚರಿತ್ರೆಯಲ್ಲಿ ಮುಖ್ಯವಾದುದು. ಮೊದಲು ದೂರವಾಣಿ ಕರೆಯ ಮೂಲಕ ಇ-ಅಂಚೆ ಸಾಗಿತು. 1992ರಲ್ಲಿ ಮುಂಬಯಿಯಿಂದ ಅಮೆರಿಕದ ವರ್ಜೀನಿಯಾಕ್ಕೆ 64 ಕಿಲೋಬಿಟ್ ವೇಗದ ಸಂಪರ್ಕ ತೆರೆಯಿತು. 1992ರ ಹೊತ್ತಿಗೆ ಈ ಸಂಸ್ಥೆಗಳು 9.6 ಕಿಲೋಬಿಟ್ ವೇಗದ ಬಾಡಿಗೆ ತಂತಿಗಳಿಂದ ಪರಸ್ಪರ ಕೂಡಿಕೊಂಡವು. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಅಂದರೆ ವಿದ್ವತ್ ವಲಯವು ಈ ಮಾಧ್ಯಮವನ್ನು ಮಾರುಕಟ್ಟೆಗಿಂತ ಮೊದಲೇ ಬಳಸತೊಡಗಿತ್ತು.

ಈ ಅಂಕಿಗಳ ಅರ್ಥವನ್ನು ಗ್ರಹಿಸಲು ಅದೇ ಕಾಲದ ಒಂದು ಜಾನಪದ ಕಾರ್ಯವನ್ನು ಪಕ್ಕದಲ್ಲಿಟ್ಟು ನೋಡಬಹುದು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಹಾಗೂ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದ ವಿದ್ವಾಂಸರು ಮಾಚಾರು ಗೋಪಾಲ ನಾಯ್ಕರು ಹಲವು ದಿನ ಹಾಡಿದ ತುಳು ಸಿರಿ ಮಹಾಕಾವ್ಯವನ್ನು ದಾಖಲಿಸಿಕೊಂಡರು. 1998ರಲ್ಲಿ ಪ್ರಕಟವಾದ ಅದರ ಪಠ್ಯ 15,683 ಸಾಲುಗಳಷ್ಟಿದೆ. ಸಾಲಿಗೆ ನಲವತ್ತು ಅಕ್ಷರಗಳೆಂದು ಎಣಿಸಿದರೆ, ರೋಮನ್ ಲಿಪಿಗಿಳಿಸಿದ ಆ ಪಠ್ಯವೆಲ್ಲವೂ 64 ಕಿಲೋಬಿಟ್ ಹಾದಿಯಲ್ಲಿ ಎರಡು ನಿಮಿಷದೊಳಗೆ ದಾಟಬಲ್ಲದು. ಆದರೆ ಸಿ.ಡಿ. ಗುಣಮಟ್ಟದ ಒಂದೇ ಗಂಟೆಯ ಹಾಡುಗಾರಿಕೆ ಸುಮಾರು 63.5 ಕೋಟಿ ಬೈಟುಗಳಷ್ಟಾಗುತ್ತದೆ. ಅದೇ ಹಾದಿಯಲ್ಲಿ ಅದು ಸಾಗಲು ಯಾವ ಅಡಚಣೆಯೂ ಇಲ್ಲದಿದ್ದರೂ 22 ಗಂಟೆ ಬೇಕು, 9.6 ಕಿಲೋಬಿಟ್ ತಂತಿಯಲ್ಲಾದರೆ ಆರು ದಿನ. ಹೀಗೆ ಆರಂಭದ ಜಾಲ ಅಕ್ಷರವನ್ನು ಮಾತ್ರ ಹೊರಬಲ್ಲದಾಗಿತ್ತು. ಹಾಡುಗಾರನ ಏರಿಳಿತ, ನಿಲುಗಡೆ, ಕೂಡುದನಿಗಳು ಅದರ ಹೊರಗುಳಿದವು. ಮೌಖಿಕ ಪರಂಪರೆಯಲ್ಲಿ ಅರ್ಥದ ಬಹುಪಾಲು ನೆಲೆಸಿರುವುದು ಇವುಗಳಲ್ಲಿಯೇ ಎಂಬುದನ್ನು ಜಾನಪದ ವಿದ್ವಾಂಸರಿಗೆ ವಿವರಿಸಬೇಕಾಗಿಲ್ಲ.

ಮುಂದಿನ ಹಂತದಲ್ಲಿಯೂ ಅಕ್ಷರದ ಪ್ರಾಧಾನ್ಯವೇ ಮುಂದುವರಿಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2002ರಲ್ಲಿ ಚಾಲನೆ ನೀಡಿದ ಯುಜಿಸಿ-ಇನ್ಫೋನೆಟ್ ಯೋಜನೆಯ ಪ್ರಮುಖ ಫಲವೆಂದರೆ ವಿದ್ಯುನ್ಮಾನ ನಿಯತಕಾಲಿಕೆಗಳು ವಿಶ್ವವಿದ್ಯಾಲಯಗಳಿಗೆ ದೊರೆತದ್ದು. ನಿಜವಾದ ಜಿಗಿತ ಕಂಡದ್ದು ರಾಷ್ಟ್ರೀಯ ಜ್ಞಾನಜಾಲದಿಂದ. 2005ರಲ್ಲಿ ಸ್ಯಾಮ್ ಪಿತ್ರೋಡ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ರಾಷ್ಟ್ರೀಯ ಜ್ಞಾನ ಆಯೋಗ ಇಂತಹ ಜಾಲವನ್ನು ಶಿಫಾರಸು ಮಾಡಿತು. 2009ರ ಏಪ್ರಿಲ್‌ನಲ್ಲಿ ಅದರ ಮೊದಲ ಹಂತ ಉದ್ಘಾಟನೆಗೊಂಡಿತು. 2010ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಹತ್ತು ವರ್ಷಗಳಿಗೆ 5,990 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಸುಮಾರು 1,500 ಸಂಸ್ಥೆಗಳನ್ನು ಬೆಸೆಯುವ ಹೊಣೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪಾಲಿಗೆ ಬಂತು. ಈ ಜಾಲದ ನಡುಭಾಗದ ವೇಗವನ್ನು ಗಿಗಾಬಿಟ್‌ಗಳಲ್ಲಿ ಎಣಿಸಲಾಗುತ್ತದೆ. ಜಿನೀವಾದ ಕಣಭೌತ ಪ್ರಯೋಗಾಲಯದ ದತ್ತಾಂಶ ಮುಂಬಯಿ, ಕೋಲ್ಕತ್ತಾಗಳ ಸಂಶೋಧಕರಿಗೆ ತಲಪುವಲ್ಲಿ ಇದರ ಪಾತ್ರವಿದೆ.

ಒಂದು ಗಿಗಾಬಿಟ್ ವೇಗದಲ್ಲಿ ಮೇಲೆ ಹೇಳಿದ ಒಂದು ಗಂಟೆಯ ಹಾಡು ಸಾಗಲು ಐದಾರು ಸೆಕೆಂಡು ಸಾಕು. ಹೀಗೆ ಕಣಭೌತಶಾಸ್ತ್ರಕ್ಕೆಂದು ಬೇಕಾದ ವೇಗವೇ ಮೌಖಿಕ ಪರಂಪರೆಗೂ ದಾರಿ ತೆರೆದಿದೆ. ಆದರೆ ಈ ದಾರಿ ಎಲ್ಲರ ಬಾಗಿಲಿಗೂ ಒಂದೇ ಅಗಲದಲ್ಲಿ ಬರಲಿಲ್ಲ. 2009ರಲ್ಲಿ ಆರಂಭವಾದ ಮಾಹಿತಿ ತಂತ್ರಜ್ಞಾನದ ಮೂಲಕ ಶಿಕ್ಷಣದ ರಾಷ್ಟ್ರೀಯ ಅಭಿಯಾನದಲ್ಲಿ ವಿಶ್ವವಿದ್ಯಾಲಯಗಳಿಗೆ ಒಂದು ಗಿಗಾಬಿಟ್ ಗೊತ್ತುಮಾಡಿದರೆ, ಕಾಲೇಜುಗಳಿಗೆ ತಲಾ 512 ಕಿಲೋಬಿಟ್ ವೇಗದ ಕೆಲವು ಸಂಪರ್ಕಗಳನ್ನು ಗೊತ್ತುಮಾಡಲಾಗಿತ್ತು. ಅಂತಹ ಒಂದು ಸಂಪರ್ಕದಲ್ಲಿ ಅದೇ ಹಾಡಿಗೆ ಎರಡೂಮುಕ್ಕಾಲು ಗಂಟೆ ತಗಲುತ್ತದೆ. ಕೆರೆ ತುಂಬಿದ ಮಾತ್ರಕ್ಕೆ ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲವೆಂಬುದನ್ನು ಬಲ್ಲ ಗ್ರಾಮಸಮಾಜ, ಸರದಿಯಂತೆ ನೀರು ಹಾಯಿಸಲು ನೀರಗಂಟಿಯನ್ನು ನೇಮಿಸಿಕೊಂಡಿತ್ತು. ಜ್ಞಾನಜಾಲದ ವಿಚಾರದಲ್ಲಿಯೂ ಬೆನ್ನೆಲುಬಿನ ವೇಗಕ್ಕಿಂತ ಅಂಚಿನ ಸಂಸ್ಥೆಗೆ ದೊರೆಯುವ ವೇಗವೇ ಯೋಜನೆಯ ಸಾರ್ಥಕತೆಯನ್ನು ಅಳೆಯುವ ಮಾನದಂಡವಾಗಬೇಕು.

ಇದರೊಂದಿಗೆ ಇನ್ನೊಂದು ಹೊಣೆಯೂ ಇದೆ. ಧ್ವನಿಸುರುಳಿಗಳ ಕಾಂತೀಯ ಲೇಪ ಕಾಲಕ್ರಮೇಣ ಸವೆಯುತ್ತದೆ. ಅವುಗಳನ್ನು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಸುರುಳಿಯಲ್ಲಿರುವ ದನಿಯನ್ನು ಅಂಕೀಯ ರೂಪಕ್ಕೆ ತರದೆ ಯಾವ ಜಾಲವೂ ಅದನ್ನು ಹೊರಲಾರದು. ಎರ್ನೆಟ್‌ನಿಂದ ಜ್ಞಾನಜಾಲದವರೆಗಿನ ಚರಿತ್ರೆಯಲ್ಲಿ ಹಾದಿಯನ್ನು ನಿರ್ಮಿಸಿದವರು ತಂತ್ರಜ್ಞರು. ಆ ಹಾದಿಯಲ್ಲಿ ಏನು ಸಾಗಬೇಕೆಂಬುದನ್ನು ಗೊತ್ತುಪಡಿಸಿ ಸಿದ್ಧಗೊಳಿಸುವ ಕೆಲಸ ಮಾನವಿಕ ವಿಭಾಗಗಳದ್ದು, ಸಂಗ್ರಹಾಲಯಗಳದ್ದು. ಸುರುಳಿಗಳು ಮೂಕವಾಗುವ ಮೊದಲೇ ಅದು ನಡೆಯಬೇಕಾಗಿದೆ.